ಯಾರದೂ ಅಲ್ಲದ ಅಂಗಿಗಳು

“ಕಾಲರ್ ಗಟ್ಟಿಗೆ ನಿಲ್ಲಬೇಕಂತೆ ಅಕ್ಕಾ. ಯಜಮಾನ್ರು ಇವತ್ತು ಕೋರ್ಟಿಗೆ ಹೋಗ್ತಾರೆ,” ಅಂತ ಸಾಹುಕಾರನ ಡ್ರೈವರ್ ಬಟ್ಟೆಯ ಗಂಟನ್ನು ನಮ್ಮ ಇಸ್ತ್ರಿ ಗಾಡಿಯ ಮೇಲೆ ಎಸೆದ.

ಅಕ್ಕ ಆಗಲೇ ಮೇಲಿದ್ದ ಬಿಳಿ ಅಂಗಿ ಹಾಸಿ ಕಾಲರಿಗೆ ಪೆಟ್ಟಿಗೆ ಒತ್ತಿದ್ದಳು. ಕೈಗೆ ಅಭ್ಯಾಸ.

“ಯಾರ ಮೇಲಂತೆ ಕೇಸು?”

“ಯಾವಳೋ ಸಾಲ ತಗೊಂಡು ಕೈಯೆತ್ತಿದಾಳಂತೆ.”

“ಆ ಯಾವಳೋ ನಾನೇ ಕಣೋ.”

ಡ್ರೈವರ್ ಗಂಟಿನಿಂದ ಒಂದು ಹೆಜ್ಜೆ ಹಿಂದೆ ಸರಿದ. ಇದ್ದಿಲಿಗೆ ಗಾಳಿ ಬೀಸುತ್ತಿದ್ದ ನಾನು ನಕ್ಕುಬಿಟ್ಟೆ. ನಗುವ ದಿನವೇನಲ್ಲ ಅದು. ಕೇಸು ಸೋತರೆ ಗಾಡಿ, ಪೆಟ್ಟಿಗೆ ಎರಡೂ ಜಪ್ತಿ, ನಾವಿಬ್ಬರೂ ಬೀದಿಗೆ. ಈ ಗಾಡಿಗೆಂದೇ ಅಕ್ಕ ಸಾಲ ತಂದದ್ದು. “ನಮ್ಮನೆ ಬಟ್ಟೆ ಇಸ್ತ್ರಿ ಮಾಡಿ ತೀರಿಸು ಹೋಗು,” ಅಂದಿದ್ದ ಸಾಹುಕಾರ. ಬರೀ ಬಾಯಿಮಾತು. ಅಕ್ಕ ತೀರಿಸಿದಳು, ಅವನ ಪ್ಯಾಂಟಿನ ಸೊಂಟ ಎರಡು ಸಲ ಬಿಚ್ಚಿ ಹೊಲಿಯುವಷ್ಟು ಕಾಲ. ಅವನ ಹತ್ತಿರ ಉಳಿದದ್ದು ಅವಳು ಹೆಬ್ಬೆಟ್ಟು ಒತ್ತಿದ ಚೀಟಿ. ತನ್ನ ಬಟ್ಟೆ ಈಗಲೂ ಯಾರ ಕೈಯಿಂದ ಬರುತ್ತದೆ ಅನ್ನುವುದು ಮಾತ್ರ ಅವನ ತಲೆಯಲ್ಲಿ ಇರಲೇ ಇಲ್ಲ. ಉಣ್ಣುವ ತಟ್ಟೆಯನ್ನು ಯಾರು ತೊಳೆದರು ಅಂತ ಅಂಥವರು ಯಾವತ್ತಾದರೂ ಕೇಳಿದ್ದುಂಟಾ?

ಅಕ್ಕ ಅರ್ಧ ಕಾಲರಿಗೇ ಪೆಟ್ಟಿಗೆ ಎತ್ತಿಟ್ಟಳು. ಗಂಟು ಕಟ್ಟಿ ತಲೆಯ ಮೇಲಿಟ್ಟುಕೊಂಡಳು. “ನಡಿಯೇ, ಹೋಗೋಣ,” ಅಂದಳು ನನಗೆ. ಡ್ರೈವರ್ ಬರಿಗೈಲಿ ಕಾರು ಹತ್ತಿದ.

ಕೋರ್ಟಿನಲ್ಲಿ ಸಾಹುಕಾರ ಮುದುರಿದ ಅಂಗಿಯಲ್ಲಿ ನಿಂತಿದ್ದ, ದನ ಅಗಿದು ಉಗಿದ ಹಾಗೆ. ಅವನ ವಕೀಲನ ಮಾತು ಮಾತ್ರ ಗರಿಗರಿ. “ಸ್ವಾಮಿ, ನನ್ನ ಕಕ್ಷಿದಾರರು ಈಕೆಗೆ ಒಂದು ಕರವಸ್ತ್ರವನ್ನೂ ಇಸ್ತ್ರಿಗೆ ಕೊಟ್ಟವರಲ್ಲ.”

ಅಕ್ಕ ಗಂಟು ಬಿಚ್ಚಿದಳು. ಅಂಗಿ, ಪ್ಯಾಂಟು, ಎಲ್ಲದರ ಮೇಲೆ ಒಂದು ಪಟ್ಟೆ ಪಟ್ಟೆ ಚಡ್ಡಿ. ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು.

“ಇವು ನಿಮ್ಮವಾ ಯಜಮಾನ್ರೇ? ನೋಡಿ ಹೇಳಿ.”

ಸಾಹುಕಾರ ವಕೀಲನನ್ನು ನೋಡಿದ. ವಕೀಲ ಫ್ಯಾನು ನೋಡಿದ.

“ನನ್ನವಲ್ಲ,” ಅಂದ ಸಾಹುಕಾರ, ಚಡ್ಡಿಯಿಂದ ಕಣ್ಣು ಕೀಳದೆ.

“ಯಾರದೂ ಅಲ್ಲದ ಬಟ್ಟೆ ಇಲ್ಲೇಕಮ್ಮಾ? ಹೊರಗೆ ತಗೊಂಡು ಹೋಗು,” ಅಂದರು ಜಡ್ಜು. ಕೇಸು ಮುಂದಿನ ತಿಂಗಳಿಗೆ ಹೋಯಿತು.

ವರಾಂಡಕ್ಕೆ ಸಾಹುಕಾರ ಓಡಿಬಂದ. “ಲೇ ಲೌಡಿ, ಗಂಟು ಇಲ್ಲಿ ಕೊಡು.”

“ಯಾರ ಗಂಟು?”

“ನನ್ನ...” ಅನ್ನುವಷ್ಟರಲ್ಲಿ ವಕೀಲ ತೋಳು ಜಗ್ಗಿದ. “ಒಳಗೆ ಹೇಳಿದ್ದೇನು ಸಾರ್?”

ಅಕ್ಕ ಮೆಟ್ಟಿಲ ಮೇಲೆ ಕೂತು ಹಂಚತೊಡಗಿದಳು. ಟೀ ಮಾರುವವನಿಗೆ ನೀಲಿಯದು, ಕಸ ಗುಡಿಸುವ ಮುದುಕನಿಗೆ ಗೆರೆಗೆರೆಯದು.

“ಅಳತೆ ದೊಡ್ಡದಾಯ್ತಲ್ಲ ತಾಯೀ.”

“ತಿಂದೋನ ಅಳತೆ ಅದು ತಾತ. ಗಾಳಿ ಆಡುತ್ತೆ ಬಿಡು.”

ಚಡ್ಡಿಯನ್ನು ಯಾರೂ ಮುಟ್ಟಲಿಲ್ಲ. ಕೊನೆಗೆ ಗೇಟಿನ ಹತ್ತಿರದ ಚಪ್ಪಲಿ ಹೊಲಿಯುವವನು ಬೂಟು ಒರೆಸಲು ಇರಲಿ ಅಂತ ಎತ್ತಿಕೊಂಡ. ಗಂಟಿನ ತಳದಲ್ಲಿ ಬೆಳಗಿನ ಆ ಬಿಳಿ ಅಂಗಿ ಉಳಿದಿತ್ತು. ಅಷ್ಟರಲ್ಲಿ ಡ್ರೈವರ್ ತಲೆ ಕೆರೆಯುತ್ತಾ ಬಂದು ನಿಂತ.

“ಅಕ್ಕಾ, ನನಗೊಂದು?”

“ಕೆಲಸ ಹೋಗುತ್ತೆ ಕಣೋ ತಮ್ಮಾ.”

“ಯಾಕೆ? ಅವರದಲ್ಲವಲ್ಲ.”

ತನ್ನ ಅಂಗಿಯ ಮೇಲೇ ಅದನ್ನು ತೊಟ್ಟು, ಹೋಗಿ ಕಾರಿನ ಬಾಗಿಲು ತೆರೆದು ಹಿಡಿದ. ಕಾಲರ್ ಒಂದು ಕಡೆ ಗಟ್ಟಿಗೆ ನಿಂತಿತ್ತು, ಇನ್ನೊಂದು ಕಡೆ ಸೊಪ್ಪಾಗಿ ಮಲಗಿತ್ತು. ಸಾಹುಕಾರ ಅದನ್ನೇ ನೋಡುತ್ತಾ ಬಗ್ಗಿ ಒಳಗೆ ಕೂತ.