ಸೆಡ್ರಿಕ್‌ನ ಬಹುಶಃ

ಒಲೆಯ ಮೇಲೆ ಕಿತ್ತಳೆ ಜಾಮು, ಮರ್ಮಲೇಡ್, ಕುದಿಯುತ್ತಿತ್ತು. ಡೋರೀನ್ ಒಂದು ಹನಿಯನ್ನು ತಣ್ಣನೆಯ ತಟ್ಟೆಗೆ ಬಿಟ್ಟು ಬೆರಳಿನಿಂದ ನೂಕಿದಳು. ನೆರಿಗೆ ಬೀಳಲಿಲ್ಲ. ಹದ ಇನ್ನೂ ಬಂದಿಲ್ಲ.

"ಅಮ್ಮಾ, ಸೆಡ್ರಿಕ್ ಏನಂದ್ರು? ಇದ್ದ ಹಾಗೇ ಹೇಳು," ಎಂದಳು ಮಗಳು ಗ್ಲೆನಿಸ್, ಮೇಜಿನ ಮೇಲಿನ ಕಿತ್ತಳೆ ಸಿಪ್ಪೆ ಒಟ್ಟುಮಾಡುತ್ತ.

"ಶನಿವಾರ ವಿಟ್ಬಿಗೆ ಹೋಗಿ ನೆಲೆಸ್ತಾರಂತೆ. ಸಮುದ್ರದ ಎದುರು ಮನೆಯಂತೆ. 'ಇಬ್ಬರಿಗೆ ಬಹುಶಃ ಜಾಗ ಸಾಲುತ್ತೆ, ನಿಮಗೂ ಬಹುಶಃ ಹಿಡಿಸುತ್ತೆ' ಅಂದ್ರು. ಬೇಲಿಯಾಚೆ ನಿಂತು, ಎಲೆಕೋಸು ನೋಡ್ಕೊಂಡು."

"ಎಲೆಕೋಸು ನೋಡ್ಕೊಂಡು!" ಗ್ಲೆನಿಸ್ ಬಿದ್ದು ಬಿದ್ದು ನಕ್ಕಳು. "ಇದು ಮದುವೆ ಕೇಳೋ ರೀತೀನಾ? ಬಹುಶಃ ಅನ್ನೋರನ್ನ ನಂಬಿ ಅರವತ್ತನೇ ವಯಸ್ಸಲ್ಲಿ ಮನೆ ಬಿಡ್ತೀಯಾ? ಅಪ್ಪ ಆಗಿದ್ರೆ ಖಂಡಿತ ಅಂತಿದ್ರು."

ಅನ್ನುತ್ತಿದ್ದ, ನಿಜ. ಗಂಡ ಹೆರಾಲ್ಡ್ "ಖಂಡಿತ" ಸರಿಮಾಡುತ್ತೇನೆಂದ ಅಟ್ಟದ ಕಿಟಕಿ ಅವನು ತೀರಿಕೊಳ್ಳುವವರೆಗೂ ಸೋರಿತು. "ಖಂಡಿತ" ಕರೆದೊಯ್ಯುತ್ತೇನೆಂದ ಸಮುದ್ರಕ್ಕಾಗಿ ಅವಳು ಇಪ್ಪತ್ತೆರಡು ವರ್ಷ ಕಾದಳು. ಒಳ್ಳೆಯ ಮನುಷ್ಯ. ಆದರೆ ಮಾತು ಕೊಡುವುದರಲ್ಲೇ ಅವನ ಉತ್ಸಾಹವೆಲ್ಲ ಮುಗಿದುಹೋಗುತ್ತಿತ್ತು.

ಹೋದ ನವೆಂಬರಿನಲ್ಲಿ ಪಕ್ಕದ ಮನೆಯ ಸೆಡ್ರಿಕ್ "ನಾಳೆ ಬಹುಶಃ ಆ ಕಿಟಕಿ ನೋಡಬಹುದು" ಎಂದಿದ್ದ. ಮರುದಿನ ಬೆಳಿಗ್ಗೆ ಏಳಕ್ಕೇ, ಸುರಿಯುವ ಮಳೆಯಲ್ಲಿ, ಏಣಿಯ ಮೇಲಿದ್ದ. ಅವಳು ಜ್ವರ ಬಂದು ಮಲಗಿದಾಗ "ಬಹುಶಃ ಸ್ವಲ್ಪ ಸೂಪ್ ಉಳಿಯುತ್ತೆ" ಎಂದವನು ಐದು ದಿನವೂ ಪಾತ್ರೆ ತುಂಬ ತಂದಿದ್ದ. ಅವನ ಬಹುಶಃ ಒಂದೂ ಇದುವರೆಗೆ ಹುಸಿಹೋಗಿರಲಿಲ್ಲ.

ಹಿತ್ತಲ ಬಾಗಿಲು ತಟ್ಟಿದ ಸದ್ದಾಯಿತು. ಸೆಡ್ರಿಕ್, ತೊಳೆದ ಖಾಲಿ ಬಾಟಲಿಗಳ ಬುಟ್ಟಿ ಹಿಡಿದು.

"ಬನ್ನಿ ಸೆಡ್ರಿಕ್," ಗ್ಲೆನಿಸ್ ಕಣ್ಣು ಮಿಟುಕಿಸಿದಳು, "ಬಹುಶಃ ಚಹಾ ಕುಡೀತೀರಾ?"

"ಬಹುಶಃ," ಎಂದು ಅವನು ಕೂತು ಮೂರು ಕಪ್ ಕುಡಿದ.

"ಶನಿವಾರ ಬಸ್ಸು ಎಷ್ಟೊತ್ತಿಗೆ?" ಡೋರೀನ್ ಪಾತ್ರೆಯಿಂದ ಕಣ್ಣೆತ್ತದೆ ಕೇಳಿದಳು.

"ಹತ್ತಕ್ಕೆ." ಅವನ ಕಿವಿ ಕೆಂಪಾಯಿತು. "ಬಹುಶಃ ಎರಡು ಸೀಟು ಹಿಡಿದಿಟ್ಟಿರ್ತೀನಿ. ಕಿಟಕಿ ಕಡೇದು ಖಾಲಿ ಬಿಟ್ಟು."

ಅವನು ಹೋದ ಮೇಲೂ ಗ್ಲೆನಿಸ್‌ಗೆ ನಗು ತಡೆಯಲಾಗಲಿಲ್ಲ. "ಅಯ್ಯೋ, ಏನ್ ಮಾಡ್ತೀಯಮ್ಮ ಇವರನ್ನ ಕಟ್ಕೊಂಡು?"

"ನೋಡೋಣ," ಎಂದಳು ಡೋರೀನ್. ತಟ್ಟೆಗೆ ಇನ್ನೊಂದು ಹನಿ ಬಿಟ್ಟು ನೂಕಿದಳು. ಈ ಸಲ ಸಣ್ಣಗೆ ನೆರಿಗೆ ಬಿತ್ತು.

ಸಂಜೆ ಮಗಳು ಹೊರಟ ಮೇಲೆ ಮರ್ಮಲೇಡ್ ತುಂಬಿದ ಹನ್ನೊಂದು ಬಾಟಲಿಗಳನ್ನು ಎಂದಿನಂತೆ ಕಪಾಟಿನಲ್ಲಿ ಜೋಡಿಸಿದಳು. ಹನ್ನೆರಡನೆಯದನ್ನು ತನ್ನ ಉಣ್ಣೆಯ ಸ್ವೆಟರಿನಲ್ಲಿ ಸುತ್ತಿ, ಮಂಚದ ಕೆಳಗಿನ ಸೂಟ್‌ಕೇಸ್ ಎಳೆದು, ಅದರೊಳಗಿಟ್ಟಳು.