ಹನ್ನೆರಡನೇ ತಾರೀಖಿನ ಟಿಕೆಟ್

ಎಕ್ಕಡಿಕಮ್ಮಾ ಎನ್ನುತ್ತಿದ್ದಾನೆ ಕಂಡಕ್ಟರ್, ಎರಡನೇ ಸಲವೋ ಮೂರನೇ ಸಲವೋ, ಎಲ್ಲಿಗೆ ಎಂದು ಹೇಳಬೇಕು, ಉಪ್ಪಲ್ ಎಂದೆ — ಚೀಟಿ ಹರಿದು ಕೈಗಿಟ್ಟು ಮುಂದೆ ಹೋದ, ಕಾಚಿಗುಡ ಸ್ಟೇಷನ್ನಿನಲ್ಲಿ ಇಳಿದಾಗಿನಿಂದ ಇದೇ ನನ್ನ ಮೊದಲ ಮಾತು, ಮೈಸೂರಿನಲ್ಲಿ ರಜೆಯ ಎರಡು ತಿಂಗಳು ಅಮ್ಮನ ಹತ್ತಿರ ಆಡಿದ್ದನ್ನು ಮಾತು ಅನ್ನಲಾಗುವುದಿಲ್ಲ. ಅಂಬರ್‌ಪೇಟೆ ದಾಟಿತು. ಕಾಂಪೌಂಡುಗಳ ಮೇಲೆಲ್ಲ ಹೊಸ ಬಣ್ಣದ ಜಾಹೀರಾತು, ನಲವತ್ತೈದು ದಿನಗಳಲ್ಲಿ ಜಾವಾ, ವೀಸಾ ನೆರವು ಉಚಿತ, ಏಪ್ರಿಲ್‌ನಲ್ಲಿ ಇಷ್ಟಿರಲಿಲ್ಲ, ಆಗಸ್ಟಿಗೆ ಕಂಪನಿಗಳು ಕೆಲಸಕ್ಕೆ ಆರಿಸಲು ಕಾಲೇಜಿಗೇ ಬರುತ್ತವೆ, ಫೇಲಾದ ವಿಷಯ, ಬ್ಯಾಕ್‌ಲಾಗ್, ಇಲ್ಲದವರು ಮಾತ್ರ ಸಂದರ್ಶನಕ್ಕೆ ಕೂರಬಹುದು, ನನಗಿಲ್ಲ, ಒಂದೂ ಇಲ್ಲ. ಹೋಗಿರುತ್ತಾಳೆ. ಹತ್ತನೇ ತಾರೀಖು ಕಳೆದು ಎರಡು ದಿನ, ಗುರುದೇವಿ ಈಗ ರೂಮಿನಲ್ಲಿರುವುದಿಲ್ಲ, ಅವಳ ಮಂಚದ ಮೇಲೆ ಯಾರೋ ಜೂನಿಯರ್ ಹಾಸಿಗೆ ಬಿಡಿಸಿರುತ್ತಾಳೆ, ನಾನು ಅವಳಿಗೆ ಹಾಯ್ ಎನ್ನುತ್ತೇನೆ, ಅಷ್ಟೇ, ಮುಗಿಯಿತು. ಮೇ ತಿಂಗಳಲ್ಲಿ ಅವಳ ಕಾರ್ಡು ಬಂದಾಗ ಅಮ್ಮ ಬಾಗಿಲಲ್ಲೇ ನಿಂತು ಓದಿಬಿಟ್ಟಿದ್ದಳು, ಹಿಂದೆ ಮುಂದೆ ಎರಡೇ ಸಾಲು — ಮಧುರಾ, ಜೂನ್ ಹತ್ತರೊಳಗ ಬಂದು ಎಚ್‌ಓಡಿ ಸರ್ ಕಡೆ ಒಂದು ಮಾತು ಹೇಳು, ಸಾಕು, ಏನು ಅಂತ ಇದರಾಗ ಬರೆಯಂಗಿಲ್ಲ, ನಿನಗ ಗೊತ್ತೈತಿ. ಯಾರೇ ಇವಳು, ಏನು ಹೇಳಬೇಕಂತೆ. ಲ್ಯಾಬ್ ವಿಷಯ ಅಮ್ಮಾ. ಆಮೇಲೆ ಸ್ಟೇಷನ್ನಿನ ಕೌಂಟರಿನಲ್ಲಿ ಗುಮಾಸ್ತ ಯಾವತ್ತಿಗೆ ಎಂದ, ಒಂಬತ್ತಕ್ಕೆ ಬರ್ತ್ ಇತ್ತು, ಅವನೇ ಹೇಳಿದ ಒಂಬತ್ತಕ್ಕೆ ಖಾಲಿ ಇದೆ ಎಂದು, ನಾನು ಹನ್ನೊಂದಕ್ಕೆ ಕೊಡಿ ಎಂದೆ, ಹನ್ನೆರಡಕ್ಕೆ ಇಳಿಯುವ ಹಾಗೆ.

ಅವಳಾಗಿಯೇ ಕೊಟ್ಟಿದ್ದಳು ಗುರುದೇವಿ, ತನ್ನ ಪ್ರೋಗ್ರಾಮಿನ ಫ್ಲಾಪಿಯನ್ನು, ನೋಡಿ ಕೊಡು ಎಂದು, ನೋಡುವುದಕ್ಕೇ ತೆಗೆದುಕೊಂಡಿದ್ದೆ ನಾನೂ, ನನ್ನ ಪ್ರೋಗ್ರಾಮು ಓಡುತ್ತಿರಲಿಲ್ಲ, ಸಬ್ಮಿಷನ್ನಿಗೆ ಒಂದೇ ದಿನ, ಅವಳದರಲ್ಲಿ ಹೆಸರು ಬದಲಾಯಿಸಲು ಎಷ್ಟು ಹೊತ್ತು, ಒಂದು ಸಾಲು ಅಳಿಸಿ ಒಂದು ಸಾಲು ಹೊಡೆದೆ. ಅದಕ್ಕೂ ಹಿಂದಿನ ಸಂಜೆ ಹಾಸ್ಟೆಲ್ ತಾರಸಿಯ ಮೇಲೆ, ಒಣಗಿದ ಬಟ್ಟೆಗಳ ನಡುವೆ, ಅವಳು ಕ್ಲಿಪ್ಪುಗಳನ್ನು ಸಾಲಾಗಿ ಇಟ್ಟು ಆ ಪ್ರೋಗ್ರಾಮು ಹೇಗೆ ಓಡುತ್ತದೆಂದು ಹೇಳಿಕೊಟ್ಟಿದ್ದಳು, ನೋಡು, ಇವು ರೈಲಿನ ಡಬ್ಬಿ, ಒಂದೊಂದು ಡಬ್ಬಿಗೂ ತನ್ನ ಮುಂದಿನ ಡಬ್ಬಿ ಎಲ್ಲೈತಿ ಅಷ್ಟ ಗೊತ್ತಿರತೈತಿ, ನಡುವಿಂದೊಂದು ತಗದ್ರ ಕೊಂಡಿ ಯಾವುದಕ್ಕ ಹಾಕತಿ ಹೇಳು. ಹಾಗೆ ಯಾರೂ ನನಗೆ ಕಲಿಸಿರಲಿಲ್ಲ. ಅದಕ್ಕೇ ಪರೀಕ್ಷೆಯ ದಿನ ಬೇರೆ ಕಾಲೇಜಿನಿಂದ ಬಂದ ಪರೀಕ್ಷಕರು ಎರಡು ಫ್ಲಾಪಿಗಳನ್ನೂ ಮೇಜಿನ ಮೇಲಿಟ್ಟು, ಎರಡರಲ್ಲೂ ಒಂದೇ ಸ್ಪೆಲ್ಲಿಂಗ್ ತಪ್ಪು, ಇಬ್ಬರಲ್ಲಿ ಬರೆದವರು ಯಾರು, ವಿವರಿಸಿ, ಇಂಗ್ಲಿಷಿನಲ್ಲಿ ಎಂದಾಗ ನನ್ನ ಬಾಯಿಂದ ಎಲ್ಲ ಸರಾಗವಾಗಿ ಬಂತು, ಡಬ್ಬಿ, ಕೊಂಡಿ, ಮುಂದಿನದು, ನಡುವಿನದು, ಕಾನ್ವೆಂಟಿನ ಇಂಗ್ಲಿಷಿನಲ್ಲಿ, ಅವರು ತಲೆದೂಗುತ್ತಿದ್ದರು, ಗುರುದೇವಿ ನನ್ನನ್ನೇ ನೋಡುತ್ತಿದ್ದಳು, ಅವಳ ಸರದಿ ಬಂದಾಗ ಎರಡು ಪದ ಹೇಳಿ ನಿಂತಳು, ಸರ್, ಮೈನೇ ಬನಾಯಾ ಸರ್, ನಾನೇ ಮಾಡಿದ್ದು, ಎಂದಳು, ಅವರು ನಕ್ಕರು. ನಾನು ಅಲ್ಲೇ ಇದ್ದೆ, ಒಂದು ಮೊಳ ದೂರದಲ್ಲಿ. ಗುರುದೇವಿ ಒಂದು ವರ್ಷ ಪರೀಕ್ಷೆಗೆ ಕೂರುವಂತಿಲ್ಲ, ಹತ್ತನೇ ತಾರೀಖಿನವರೆಗೆ ಏನಾದರೂ ಹೇಳುವುದಿದ್ದರೆ ಹೇಳಬಹುದು ಎಂದು ನೋಟೀಸು. ಅವಳು ನನ್ನ ಹೆಸರನ್ನು ಯಾರಿಗೂ ಹೇಳಲಿಲ್ಲ, ಹೇಳಿದ್ದರೆ ನಾನು ಜಗಳ ಆಡಬಹುದಿತ್ತು, ಸುಳ್ಳು ಎನ್ನಬಹುದಿತ್ತು.

ಉಪ್ಪಲ್, ಇಳಿಯಬೇಕು, ಬ್ಯಾಗಿನ ಪಟ್ಟಿ ಭುಜ ಕೊರೆಯುತ್ತಿದೆ, ಹಾಸ್ಟೆಲ್ ಗೇಟಿನ ಬೇವಿನ ಮರ, ಚಪ್ಪಲಿಗಳ ಸಾಲು, ಹುಡುಗಿಯರ ಗದ್ದಲ, ಹೇ ಮಧುರಾ, ದಪ್ಪ ಆಗಿದ್ದೀಯಲ್ಲೇ, ನಗಬೇಕು, ನಕ್ಕೆ — ವರಾಂಡದಲ್ಲಿ ಟ್ರಂಕು. ನೀಲಿ ಟ್ರಂಕು, ಮುಚ್ಚಳದ ಮೇಲೆ ಗುರುದೇವಿ ಸಾಬಣ್ಣ, ಸೇಡಂ ಎಂದು ಬಿಳಿ ಬಣ್ಣದಲ್ಲಿ, ಪಕ್ಕದಲ್ಲಿ ನೆಲದ ಮೇಲೆ ಕೂತ ಮನುಷ್ಯ ಎದ್ದು ನಿಂತ, ಅಂಗಿಯ ತೋಳಿಗೆ ಸಿಮೆಂಟು ಮೆತ್ತಿದೆ, ನೀವು ಮಧುರಾಬಾಯಿ ಅಲ್ಲೇನ್ರಿ ಎಂದ, ಫೋಟೋದಾಗ ನೋಡೀನ್ರಿ, ನಾ ಗುರುದೇವಿ ಅಪ್ಪ. ಹೌದು ಎಂದೆನೋ ಇಲ್ಲವೋ. ಮಣಿಕೊಂಡದ ಕಡೆ ಗಾಜಿನ ಆಫೀಸು ಕಟ್ಟಾಕತ್ತೀವ್ರಿ, ಮೇಸ್ತ್ರಿ ಇವತ್ತ ರಜಾ ಕೊಟ್ಟ, ಅದಕ್ಕ ತಡ ಆತು, ಆಕಿ ಆಫೀಸಿನ್ಯಾಗ ಟೀಸಿ ತಗೊಳ್ಳಾಕ ಹೋಗ್ಯಾಳ್ರಿ. ಟೀಸಿ. ಗುಮಾಸ್ತ ಈಗ ಬರೆಯುತ್ತಿರಬಹುದು, ಒಮ್ಮೆ ಸೀಲು ಬಿದ್ದರೆ ಅವಳು ಈ ಕಾಲೇಜಿನವಳಲ್ಲ, ಮೆಟ್ಟಿಲು ಹತ್ತಿ ಹೋಗಬಹುದು ನಾನು, ಸ್ನಾನ ಮಾಡಬೇಕು ಎನ್ನಬಹುದು, ಬ್ಯಾಗನ್ನು ಭುಜದಿಂದ ಇಳಿಸಿದೆ. ನಿಮಗೊಂದು ಕೇಳ್ತೀನ್ರಿ ಎಂದ, ದನಿ ತಗ್ಗಿಸಿ, ಹುಡುಗಿಯರಿಗೆ ಕೇಳಿಸಬಾರದೆಂದು ಇರಬೇಕು. ಸಾಹೇಬ್ರು ತೆಲುಗಿನ್ಯಾಗ ಹೇಳಿದ್ರು, ನಿಮ್ಮ ಮಗಳು ಕದ್ದಾಳ ಅಂತ. ಏನ್ ಕದ್ದಾಳ್ರಿ? ಕೇಳಿದ್ರ ಆಕಿ ಬಾಯಿನ ಬಿಡವಲ್ಲಳು. ಸಾಮಾನು ಆಗಿದ್ರ ನಾ ತಿರುಗಿ ಕೊಡಸ್ತೀನ್ರಿ, ಟ್ರಂಕ್ ಎಲ್ಲಾ ತಗದು ನೋಡಿದೆ, ಆಕಿ ಅರಿವಿ, ಪುಸ್ತಕ, ಮತ್ತೇನೂ ಇಲ್ಲ. ನೋಡಿದ್ದಾನೆ. ಮಗಳ ಬಟ್ಟೆಗಳನ್ನು ಒಂದೊಂದಾಗಿ ಎತ್ತಿ, ಕದ್ದ ಮಾಲು ಹುಡುಕಿದ್ದಾನೆ, ಅವಳು ಪಕ್ಕದಲ್ಲಿ ನಿಂತು ನೋಡಿರುತ್ತಾಳೆ. ಅವಳೇನೂ ಕದ್ದಿಲ್ಲ ಎಂದೆ. ನಾನು ಕದ್ದದ್ದು. ಅವನಿಗೆ ಕೋಪ ಬರಲಿಲ್ಲ, ಬಂದಿದ್ದರೆ ಎಷ್ಟೋ ಚೆನ್ನಾಗಿತ್ತು, ಅರ್ಥವಾಗದೆ ನನ್ನ ಬ್ಯಾಗನ್ನು ನೋಡಿದ, ಹಂಗಾರ ಅದು ನಿಮ್ಮ ಹತ್ರ ಐತೇನ್ರಿ ಎಂದ. ಐತಿ, ಎಂದೆ, ಅವನ ಮಾತಿನಲ್ಲೇ. ಕೊಟ್ಟುಬಿಡ್ರಿ ಹಂಗಾರ.

ಓಡಿದೆ, ಬ್ಯಾಗು ಎಲ್ಲಿ ಬಿಟ್ಟೆ, ಮೈದಾನ, ಸೈಕಲ್ ಸ್ಟ್ಯಾಂಡು, ಆಫೀಸಿನ ಕಿಟಕಿಯ ಮುಂದೆ ಗುರುದೇವಿಯ ಬೆನ್ನು, ಸೊರಗಿದ್ದಾಳೆ, ತಿರುಗಿ ನೋಡಿದಳು, ಅವಳ ಕೈಯಲ್ಲಿ ಇನ್ನೂ ಅರ್ಜಿ ಇದೆ, ಬರಿ ಅರ್ಜಿ, ಸೀಲು ಬಿದ್ದಿಲ್ಲ, ಬಾ ಎಂದೆ, ಬರಲಿಲ್ಲ, ನಾನೊಬ್ಬಳೇ ಎಚ್‌ಓಡಿ ಕೋಣೆಗೆ ನುಗ್ಗಿ ಹೇಳಿದೆ, ಇಂಗ್ಲಿಷು ತೊದಲಿತು, ಇವತ್ತೇ ತೊದಲಬೇಕಿತ್ತು ಅದು. ಸರ್ ಕನ್ನಡಕ ತೆಗೆದಿಟ್ಟು ಆಲೋಚಿಂಚಿ ಚೆಪ್ಪಮ್ಮಾ ಎಂದರು, ಯೋಚಿಸಿ ಹೇಳು, ಬರೆದುಕೊಟ್ಟರೆ ಆಗಸ್ಟಿನಲ್ಲಿ ನೀನು ಕೂರುವಂತಿಲ್ಲ, ಗಡುವೂ ಮುಗಿದಿದೆ, ಯಾರೂ ನಿನ್ನನ್ನು ಕೇಳಿಲ್ಲ. ಯಾರೂ ಕೇಳಿಲ್ಲ ನಿಜ, ವರಾಂಡದಲ್ಲಿ ಒಬ್ಬರು ಕೇಳಿದರು, ಸರ್, ಪೇಪರ್ ಕೊಡಿ. ಅಮ್ಮನಿಗೆ ಹೇಗೆ ಹೇಳುವುದು, ಆಮೇಲೆ, ಅಕ್ಷರ ಸೊಟ್ಟ ಬರುತ್ತಿದೆ, ತಾರೀಖು ಹಾಕು ಎಂದರು, ಹನ್ನೆರಡು ಎಂದು ಹಾಕಿದೆ. ಕಮಿಟಿ ಕೂರಬೇಕು, ಅಲ್ಲಿಯವರೆಗೆ ಆ ಹುಡುಗಿ ಕ್ಲಾಸಿಗೆ ಬರಲಿ, ನೀನು ಬರಬೇಡ. ಅಷ್ಟರಲ್ಲಿ ಗುರುದೇವಿ ಕೊಟ್ಟಿದ್ದ ಅರ್ಜಿಯನ್ನು ಗುಮಾಸ್ತ ವಾಪಸು ಕೊಟ್ಟ. ಹೊರಗೆ ಬಿಸಿಲು, ನಾವಿಬ್ಬರೂ ಹಾಸ್ಟೆಲಿನವರೆಗೆ ನಡೆದೆವು, ಕ್ಷಮಿಸು ಎನ್ನಲು ಬಾಯಿ ತೆರೆದಾಗ ಅವಳೇ ಹೇಳಿದಳು, ನೆಲ ನೋಡುತ್ತ, ಒಂಬತ್ತಕ್ಕೂ ಹತ್ತಕ್ಕೂ ಕಾಚಿಗುಡಕ್ಕ ಬಂದಿದ್ದೆ ನಾ, ಬೆಂಗಳೂರು ಗಾಡಿ ಬರೂ ಹೊತ್ತಿಗೆ, ಎಲ್ಲಾ ಡಬ್ಬಿ ನೋಡಿದೆ. ವರಾಂಡದಲ್ಲಿ ಅವಳ ಅಪ್ಪ ಎದ್ದು ಅವಳ ಮುಖ ನೋಡಿದ, ಇಲ್ಲೇ ಇರತೀನಿ ಅಪ್ಪಾ ಎಂದಳು, ಅವನು ಎರಡೂ ಕೈಯಿಂದ ಮುಖ ಒರೆಸಿಕೊಂಡ, ಗಂಡಸರು ಮೇಲೆ ಹೋಗುವಂತಿಲ್ಲ, ಟ್ರಂಕನ್ನು ಮೆಟ್ಟಿಲಿನವರೆಗೆ ತಳ್ಳಿಕೊಟ್ಟ. ಅವಳು ಒಂದು ಹಿಡಿಕೆ ಹಿಡಿದಳು. ಇನ್ನೊಂದಕ್ಕೆ ನಾನು ಬಾಗಿದೆ, ಬೆರಳು ಹಿಡಿಕೆಗೆ ತಾಗಿತ್ತು, ಅವಳು ಟ್ರಂಕನ್ನು ಎಳೆದುಕೊಂಡಳು, ಜೋರಾಗಿ ಅಲ್ಲ, ಎಳೆದುಕೊಂಡಳು ಅಷ್ಟೇ, ಒಬ್ಬಳೇ, ಒಂದೊಂದೇ ಮೆಟ್ಟಿಲು, ನಿಂತು ಉಸಿರು ಬಿಟ್ಟು ಮತ್ತೆ, ನನ್ನ ಕಡೆಯ ಹಿಡಿಕೆ ಜೋತುಬಿದ್ದು ಪ್ರತಿ ಮೆಟ್ಟಿಲಿಗೂ ತಗಡಿಗೆ ಬಡಿಯುತ್ತಿದೆ, ಟಣ್, ಇನ್ನೊಂದು ಮೆಟ್ಟಿಲು, ಟಣ್, ತಿರುವಿನಲ್ಲಿ ಅವಳು ಕಾಣಿಸುವುದಿಲ್ಲ, ಟ್ರಂಕಿನ ಹಿಂಬದಿ ಮಾತ್ರ, ಆ ಹಿಡಿಕೆ, ಯಾರೂ ಹಿಡಿಯದ ಆ ಹಿಡಿಕೆ —