ಒಳರೆಕ್ಕೆಯ ನಾಲ್ಕನೇ ನಂಬರು

ನಾನು ಒಂದು ಎಂಜಿನ್. ಎಂಜಿನ್ ಎಂದ ಕೂಡಲೇ ಲಾರಿ, ಟ್ರ್ಯಾಕ್ಟರು ಎಂದೆಲ್ಲ ದೊಡ್ಡದಾಗಿ ಊಹಿಸಿಕೊಳ್ಳಬೇಡಿ. ನಿಮ್ಮ ಅಂಗೈಯಲ್ಲಿ ನಾನು ಕೂತರೆ ಪಕ್ಕದಲ್ಲಿ ಒಂದು ನಿಂಬೆಹಣ್ಣಿಗೂ ಜಾಗ ಉಳಿಯುತ್ತದೆ. ಆಟದ ವಿಮಾನಕ್ಕೆ ಹಾಕುವ ಎಂಜಿನ್ ನಾನು. ಹಾಗೆಂದರೆ ನನ್ನನ್ನು ಮಾಡಿದ ಮೌನೇಶ ಪತ್ತಾರರಿಗೆ ಸಿಟ್ಟು ಬರುತ್ತಿತ್ತು. "ಆಟದ್ದಲ್ರಿ, ಮಾಡೆಲ್ ಅನ್ರಿ," ಎಂದು ತಿದ್ದುತ್ತಿದ್ದರು. ನನಗೆ ಎರಡೂ ಒಂದೇ.

ಹುಬ್ಬಳ್ಳಿಯ ಕೇಶ್ವಾಪುರದಲ್ಲಿ ಅವರ ಮನೆಯ ಹಿಂದೆ ಒಂದು ತಗಡಿನ ಶೆಡ್ಡು, ಅದರೊಳಗೆ ಒಂದು ಹಳೆಯ ಲೇತು. ಅಲ್ಲೇ ಹುಟ್ಟಿದೆ. ಒಂದೇ ಸರಳಿನಿಂದ ಐದು ಜನ ಬಂದೆವು. ಒಬ್ಬೊಬ್ಬರ ಹೊಟ್ಟೆಯ ಮೇಲೂ ನಂಬರು ಕುಟ್ಟಿದರು. ನನ್ನದು ನಾಲ್ಕು. ಹುಟ್ಟಿದಾಗ ಏನನಿಸಿತು ಎಂದು ಕೇಳಿದರೆ ಹೇಳುವಂಥದ್ದೇನಿಲ್ಲ. ಮೈಮೇಲೆ ಸೋಪಿನ ನೀರು ಸುರಿಯುತ್ತಿತ್ತು, ತಣ್ಣಗಿತ್ತು. ನನಗೆ ಗೊತ್ತಿರುವುದು ಬಿಸಿ ಮತ್ತು ತಂಪು, ಎರಡೇ. ಉಳಿದದ್ದನ್ನು ಮನುಷ್ಯರ ಮುಖ ನೋಡಿ ತಿಳಿದುಕೊಂಡೆ.

ನನ್ನ ಊಟ ಮೆಥನಾಲು ಮತ್ತು ಹರಳೆಣ್ಣೆ. ಹೊಟ್ಟೆ ತುಂಬಿಸಿ, ತಲೆಗೆ ಸೆಲ್ಲಿನ ಕರೆಂಟು ಮುಟ್ಟಿಸಿ, ಮುಂದಿನ ಫ್ಯಾನಿಗೆ ಬೆರಳಿನಿಂದ ಒಂದು ಏಟು ಕೊಟ್ಟರೆ ಶುರುವಾಗುತ್ತೇನೆ. ನನ್ನ ಅಣ್ಣ ಮೂರನೇ ನಂಬರಿನವನಿಗೆ ಹತ್ತು ಏಟು ಬೇಕು. ಒಮ್ಮೆ ಎದ್ದನೆಂದರೆ ಅವನ ಓಟವೇ ಬೇರೆ, ನಮ್ಮೈವರಲ್ಲಿ ಅವನಷ್ಟು ಜೋರು ಯಾರೂ ಇರಲಿಲ್ಲ. ಆದರೆ ಬಿಸಿ ಏರಿದರೆ ಮುಖ ಗಂಟು ಹಾಕಿ ನಡುವೆಯೇ ನಿಂತುಬಿಡುವ ಚಟವೂ ಇತ್ತು.

ಪತ್ತಾರರು ವಿಮಾನ ಮಾಡುವವರು, ಹಾರಿಸುವವರಲ್ಲ. ಹಾರಿಸುತ್ತಿದ್ದವರು ಅವರ ಹೆಂಡತಿ ಇಂದುಮತಿ. ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರು. ಕಾಲೇಜಿನಲ್ಲಿದ್ದಾಗ ಎನ್.ಸಿ.ಸಿ.ಯ ವಾಯುದಳದಲ್ಲಿ ಮಾಡೆಲ್ ವಿಮಾನ ಹಾರಿಸಲು ಕಲಿತವರು, ಮದುವೆಯಾದ ಮೇಲೂ ಬಿಡಲಿಲ್ಲ. ಗೆಳೆಯರು ಚಾಷ್ಟಿ ಮಾಡುತ್ತಿದ್ದರು: "ಟೀಚರ್ ಬಾಯಾರ ಸುತ್ತ ವಿಮಾನ ತಿರಗತೈತಿ, ವಿಮಾನದ ಸುತ್ತ ನಮ್ಮ ಪತ್ತಾರ ತಿರಗತಾನ."

ಆ ಮಾತಿನಲ್ಲಿ ಸುಳ್ಳೇನಿಲ್ಲ. ನಮ್ಮ ವಿಮಾನ ರೇಡಿಯೋದಿಂದ ಹಾರುವುದಲ್ಲ. ಅದಕ್ಕೆ ಎರಡು ತೆಳ್ಳನೆಯ ಉಕ್ಕಿನ ತಂತಿ. ಒಂದು ತುದಿ ವಿಮಾನದ ಎಡರೆಕ್ಕೆಯಲ್ಲಿ, ಅಂದರೆ ಹಾರಿಸುವವರ ಕಡೆಗಿರುವ ಒಳರೆಕ್ಕೆಯಲ್ಲಿ, ಇನ್ನೊಂದು ತುದಿ ಹಾರಿಸುವವರ ಕೈಯಲ್ಲಿನ ಹಿಡಿಕೆಯಲ್ಲಿ. ವಿಮಾನ ಅವರ ಸುತ್ತ ಹಾರುತ್ತದೆ, ಅವರು ನಿಂತಲ್ಲೇ ಅದರ ಜೊತೆ ತಿರುಗುತ್ತಾರೆ. ತಂತಿ ಬಿಗಿಯಾಗಿರುವವರೆಗೆ ವಿಮಾನ ಮಾತು ಕೇಳುತ್ತದೆ. ಸಡಿಲವಾಯಿತೋ, ಮುಗಿಯಿತು.

ಒಂದು ವರ್ಷ ಇಬ್ಬರೂ ಎರಡು ಎಂಜಿನಿನ ವಿಮಾನದ ಸ್ಪರ್ಧೆಗೆ ಇಳಿಯಲು ನಿರ್ಧರಿಸಿದರು. ಐವರಲ್ಲಿ ಇಬ್ಬರನ್ನು ಆರಿಸಬೇಕಿತ್ತು. ಪತ್ತಾರರು ಒಬ್ಬೊಬ್ಬರನ್ನೇ ಬೆಂಚಿಗೆ ಬಿಗಿದು ಓಡಿಸಿ, ಸುತ್ತು ಎಣಿಸುವ ಮೀಟರು ಹಿಡಿದು ಪಟ್ಟಿ ಬರೆದರು. ಎರಡು ಮತ್ತು ಮೂರು ಎಲ್ಲರಿಗಿಂತ ಮುಂದಿದ್ದರು.

"ಇವಽ ಎರಡು," ಎಂದರು.

ಇಂದುಮತಿ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕಣ್ಣು ಮುಚ್ಚಿ ಕೇಳುತ್ತಿದ್ದರು. "ಎರಡೂ ಜೋರಿನವು ತಗೊಂಡು ಏನ್ ಮಾಡ್ತೀರಿ? ಮೂರು ಹೊರಗಿನ ರೆಕ್ಕಿಗೆ ಹಾಕ್ರಿ. ಒಳಗ ನಾಕನೇದು."

"ನಾಕು ಮೆತ್ತಗ ಓಡತೈತಲಾ?"

"ಓಡ್ಲಿ ಬಿಡ್ರಿ. ಅದು ಎಂದರ ನಡುವ ನಿಂತೈತೇನು? ಹೊರಗಿಂದು ಮದ್ಲ ನಿಂತ್ರ ಮೂಗು ಆ ಕಡಿ ಹೋಗತೈತಿ, ತಂತಿ ಬಿಗೀನ ಇರತೈತಿ, ನಾ ಹೆಂಗರ ಇಳಸ್ತೀನಿ. ಒಳಗಿಂದು ಮದ್ಲ ನಿಂತ್ರ ಮೂಗು ನನ್ನ ಕಡೀನ ತಿರಗತೈತಿ. ತಂತಿ ಸಡ್ಲ ಆತಂದ್ರ ನಾ ಏನ್ ಹಿಡಕೊಂಡು ನಿಂದರ್ಲಿ? ಒಳಗಿಂದು ಎಂದೂ ಕೈ ಕೊಡಬಾರದ್ರಿ."

ಪತ್ತಾರರು ಪಟ್ಟಿ ಮಡಚಿ ಕಿಸೆಗಿಟ್ಟರು. ನನ್ನ ಫ್ಯಾನಿನ ತುದಿಯನ್ನು ಕೂದಲೆಳೆಯಷ್ಟು ಕೆರೆದು ನನ್ನ ಓಟವನ್ನು ಅಣ್ಣನ ಸಮಕ್ಕೆ ತಂದರು. ಹೀಗೆ ನಾನು ಒಳರೆಕ್ಕೆಯವನಾದೆ. ಕೆಲಸ ಒಂದೇ: ಕೊನೆಗೆ ನಿಲ್ಲುವುದು. ಅದಕ್ಕಾಗಿ ಅವರದೊಂದು ರೂಢಿ ಇತ್ತು. ದವಾಖಾನೆಯ ದೊಡ್ಡ ಸಿರಿಂಜಿನಿಂದ ನನ್ನ ಟ್ಯಾಂಕಿಗೆ ಮೂವತ್ತರ ಗೆರೆಯವರೆಗೆ, ಅಣ್ಣನ ಟ್ಯಾಂಕಿಗೆ ಇಪ್ಪತ್ತೆಂಟರವರೆಗೆ. ಪ್ರತಿ ಸಲ ಸಿರಿಂಜನ್ನು ಬೆಳಕಿಗೆ ಹಿಡಿದು ಹೆಂಡತಿಗೆ ತೋರಿಸಿ, ಅವರು "ಹೂಂ" ಎಂದ ಮೇಲೆಯೇ ತುಂಬುತ್ತಿದ್ದರು.

ನಾಲ್ಕು ವರ್ಷ ಹಾರಿದೆವು. ಒಮ್ಮೆ ಮೂರನೇ ಸ್ಥಾನ, ಎರಡು ಸಲ ಎರಡನೆಯದು. ಮೊದಲನೆಯದು ಬರಲಿಲ್ಲ. ಅಣ್ಣ ಒಂದೆರಡು ಸಲ ನಡುವೆ ಮುನಿಸಿಕೊಂಡು ನಿಂತ. ನಾನು ಎಳೆದುಕೊಂಡು ಬಂದು ಇಳಿಸಿದೆ. ಇಂದುಮತಿ ನನ್ನ ಬಿಸಿ ತಲೆಯ ಮೇಲೆ ಒದ್ದೆ ಅರಿವೆ ಇಟ್ಟು "ಶಾಣ್ಯಾ" ಎಂದಿದ್ದರು. ಅರಿವೆ ತಣ್ಣಗಿತ್ತು.

ಐದನೆಯ ವರ್ಷ ಅವರಿಗೆ ತಲೆ ಸುತ್ತತೊಡಗಿತು. ಹಾಸಿಗೆಯಿಂದ ಎದ್ದರೆ ಗೋಡೆ ತಿರುಗುತ್ತಿತ್ತಂತೆ. ಕಿವಿಯ ಒಳಗಿನ ದೋಷ, ಇನ್ನು ಮೇಲೆ ಗಿರಗಿರ ತಿರುಗುವ ಕೆಲಸ ಬೇಡವೇ ಬೇಡ ಎಂದರು ಡಾಕ್ಟರು.

"ಬೆಳಗಾಂವ್ ಸ್ಪರ್ಧಾ ಒಂದು ಮುಗಸ್ತೀನಿ," ಎಂದರು ಇಂದುಮತಿ. "ಆಮ್ಯಾಲೆ ಹಿಡಿಕಿ ಮೊಳಿಗೆ ತೂಗು ಹಾಕ್ತೀನಿ. ಆದ್ರ ಈ ಒಂದು ಸಲ ಪೂರ್ತಿ ಹಾರಿಸಿ ನಾನಽ ಇಳಸಬೇಕು."

"ನೆತ್ತಿ ಮ್ಯಾಲಿಂದರ ಬಿಡು ಇಂದೂ."

ಅದು ಕೊನೆಯ ಆಟ. ಹಾರಿಸುವವರು ಕತ್ತನ್ನು ಪೂರ್ತಿ ಹಿಂದಕ್ಕೆ ಚೆಲ್ಲಿ, ನೆತ್ತಿಯ ಮೇಲೆಯೇ ವಿಮಾನದಿಂದ ಎಂಟರ ಆಕಾರ ಬರೆಯಬೇಕು. ಅವರಿಗೆ ಅತ್ಯಂತ ಕೆಟ್ಟದ್ದು ಅದೇ.

"ಅದನ್ನ ಬಿಟ್ರ ಹಾರಿಸೂದಽ ಬ್ಯಾಡ ಬಿಡ್ರಿ," ಎಂದರು. ಪತ್ತಾರರು ಸುಮ್ಮನಾದರು. ಒಪ್ಪಿದರೆಂದು ಇಂದುಮತಿ ತಿಳಿದರು, ನಾನೂ ಹಾಗೇ ತಿಳಿದೆ.

ಬೆಳಗಾವಿಯ ಮೈದಾನದಲ್ಲಿ ಬೆಳಿಗ್ಗೆ ಹತ್ತರ ಬಿಸಿಲು. ಪತ್ತಾರರು ರೂಢಿಯಂತೆ ತೋರಿಸಿ, "ಹೂಂ" ಅನ್ನಿಸಿಕೊಂಡು, ನನಗೆ ಮೂವತ್ತು, ಅಣ್ಣನಿಗೆ ಇಪ್ಪತ್ತೆಂಟು ತುಂಬಿದರು. ಇಂದುಮತಿ ನಿರ್ಣಾಯಕರ ಮೇಜಿಗೆ ಸಹಿ ಮಾಡಲು ಹೋದರು. ಆಗ ಈ ಮನುಷ್ಯ ಅತ್ತಿತ್ತ ನೋಡಿ ಸಿರಿಂಜಿನ ಕೊಳವೆಯನ್ನು ನನ್ನ ಟ್ಯಾಂಕಿಗೆ ತೂರಿಸಿ ಏಳು ಗೆರೆ ವಾಪಸ್ ಎಳೆದುಕೊಂಡರು. ಅವರ ಲೆಕ್ಕ ನನಗೆ ತಿಳಿಯಿತು. ಎರಡರಿಂದಲೂ ಏಳೇಳು ತೆಗೆದರೆ ನೆತ್ತಿಯ ಆಟಕ್ಕೆ ಮೊದಲೇ ಎಣ್ಣೆ ತೀರಿ ವಿಮಾನ ತಾನಾಗಿಯೇ ಇಳಿಯುತ್ತದೆ, ಅದೃಷ್ಟ ಸರಿ ಇಲ್ಲ ಅಂದುಕೊಂಡರಾಯಿತು, ಹೆಂಡತಿಯ ತಲೆ ಉಳಿಯಿತು.

ಅಣ್ಣನ ಟ್ಯಾಂಕಿಗೆ ಕೊಳವೆ ಹಾಕುವಷ್ಟರಲ್ಲಿ ಇಂದುಮತಿ ಬಂದುಬಿಟ್ಟರು. "ಮುಗೀತೇನ್ರಿ? ನಮ್ಮ ನಂಬರಽ ಕರದಾರ," ಎಂದರು. ಪತ್ತಾರರು ಸಿರಿಂಜನ್ನು ಪ್ಯಾಂಟಿನ ಕಿಸೆಗೆ ತುರುಕಿದರು. ಬಾಯಿ ತೆರೆದದ್ದನ್ನು ಕಂಡೆ. ಒಂದು ಮಾತು ಸಾಕಿತ್ತು. "ಮುಗೀತು," ಎಂದರು.

ನಾನು ಎರಡನೇ ಏಟಿಗೆ ಎದ್ದೆ. ಅಣ್ಣ ಅವತ್ತು ಮೂರಕ್ಕೇ ಎದ್ದ, ಎಂದೂ ಇಲ್ಲದ್ದು. ಏರಿದೆವು. ಸಮನಾದ ಸುತ್ತು, ಚಕ್ರ, ತಲೆಕೆಳಗಿನ ಹಾರಾಟ, ಒಂದೂ ತಪ್ಪಲಿಲ್ಲ. ಅಂಥ ಹಾರಾಟ ನಾವು ಹಾರಿದ್ದೇ ಇಲ್ಲ. ನಾನು ಇದ್ದುದನ್ನು ಹನಿಹನಿಯಾಗಿ ಸುಟ್ಟು, ಪತ್ತಾರರ ಲೆಕ್ಕಕ್ಕಿಂತ ಅರ್ಧ ನಿಮಿಷ ಹೆಚ್ಚೇ ಓಡಿದೆ. ನಂಬಿಗಸ್ತನೆಂಬ ಹೆಸರಿತ್ತಲ್ಲ. ಆ ಅರ್ಧ ನಿಮಿಷದಲ್ಲಿ ಇಂದುಮತಿ ಕತ್ತು ಹಿಂದಕ್ಕೆ ಚೆಲ್ಲಿ ನಮ್ಮನ್ನು ನೆತ್ತಿಯ ಮೇಲಕ್ಕೆ ತಂದರು. ಎಂಟರ ನಡುವೆ, ಸರಿಯಾಗಿ ನಡುವೆ, ನನ್ನ ಟ್ಯಾಂಕು ಒಣಗಿತು.

ನಾನು ನಿಂತೆ. ಅಣ್ಣ ಪೂರ್ತಿ ಜೋರಿನಲ್ಲಿದ್ದ. ಮೂಗು ಒಳಕ್ಕೆ ತಿರುಗಿತು. ತಂತಿ ಸಡಿಲವಾಯಿತು. ಇಂದುಮತಿ ಅದನ್ನು ಬಿಗಿ ಮಾಡಲು ಹಿಂದಕ್ಕೆ ಓಡಿದರು. ಎರಡು ಹೆಜ್ಜೆ, ಮೂರು ಹೆಜ್ಜೆ, ಆಮೇಲೆ ತಲೆ ಸುತ್ತಿ ಬಿದ್ದರು. ವಿಮಾನ ಅವರಿಂದ ಒಂದು ಮಾರು ದೂರದಲ್ಲಿ ನೆಲಕ್ಕೆ ಮೂಗು ಹೊಡೆಯಿತು. ಅಣ್ಣನ ಫ್ಯಾನು ತಿರುಗಿಸುವ ದಂಡ ಮುರಿಯಿತು. ನನಗೇನೂ ಆಗಲಿಲ್ಲ. ಫ್ಯಾನು ಮುರಿದು ಮೈಯ ಸಂದುಗಳಿಗೆಲ್ಲ ಮಣ್ಣು ತುಂಬಿತು, ಅಷ್ಟೆ.

ಪತ್ತಾರರು ಓಡಿ ಬಂದರು. "ಇಂದೂ! ಏ ಇಂದೂ! ಪೆಟ್ಟಾತೇನ?" ಇಂದುಮತಿಯ ಮೊಣಕೈ ತರಚಿತ್ತು. ಅವರು ಗಂಡನನ್ನು ನೋಡಲಿಲ್ಲ. ತೆವಳಿಕೊಂಡು ನಮ್ಮ ಹತ್ತಿರ ಬಂದು, ಟ್ಯಾಂಕುಗಳನ್ನು ಕಿತ್ತು ಒಂದೊಂದಾಗಿ ಕಿವಿಯ ಹತ್ತಿರ ಅಲ್ಲಾಡಿಸಿದರು. ಅಣ್ಣನದು ಗುಳುಗುಳು ಎಂದಿತು. ನನ್ನದರಲ್ಲಿ ಸದ್ದಿಲ್ಲ.

ಅದನ್ನು ಕೆಳಗಿಟ್ಟು ಕೇಳಿದರು: "ಎಷ್ಟು ತಗದ್ರಿ?"

"ಏಳು."

"ಎರಡರಾಗೂ?"

"ಅದರಾಗೂ ತಗೀತಿದ್ದೆ. ಅಷ್ಟರಾಗ ನೀ ಬಂದಿ." ಪತ್ತಾರರು ಕಿಸೆಯಲ್ಲಿನ ಸಿರಿಂಜು ತೆಗೆದು ನೆಲಕ್ಕಿಟ್ಟರು. "ನಿನ್ನ ಸಲವಾಗಿ ಮಾಡಿದ್ನಿ, ಇಂದೂ."

"ನನಗ ತಲಿ ಸುತ್ತತೈತಿ ಅಂತ ಗೊತ್ತಿತ್ರಿ," ಎಂದರು ಇಂದುಮತಿ. "ಒಳಗಿಂದು ಕೈ ಕೊಡತೈತಿ ಅಂತ ಗೊತ್ತಿರಲಿಲ್ಲ."

ಜಗಳವಾಗಿದ್ದರೆ ಒಳ್ಳೆಯದಿತ್ತೇನೋ. ಆಗಲಿಲ್ಲ. ನನ್ನನ್ನೂ ಮುರಿದ ಅಣ್ಣನನ್ನೂ ಒಂದು ಬಿಸ್ಕೀಟಿನ ಡಬ್ಬಿಗೆ ಹಾಕಿ ಅಡುಗೆಮನೆಯ ಅಟ್ಟಕ್ಕೆ ಏರಿಸಿದರು. ಮುಚ್ಚಳ ಸರಿಯಾಗಿ ಕೂರುತ್ತಿರಲಿಲ್ಲ, ಆದ್ದರಿಂದ ಕೇಳಿಸುತ್ತಿತ್ತು, ಸಂದಿಯಿಂದ ತುಸು ಕಾಣಿಸುತ್ತಲೂ ಇತ್ತು. ಉಪ್ಪು ಕಮ್ಮಿ ಆಗೈತಿ. ನಳ ಬಂತು. ಗ್ಯಾಸ್ ಬುಕ್ ಮಾಡ್ರಿ. ಏಳು ವರ್ಷ ಇಷ್ಟೇ ಮಾತು. ಮಾರ್ಕೆಟ್ಟಿಗೆ ಹೋಗಿ ಬಂದರೆ ಪತ್ತಾರರು ಚೀಲವನ್ನು ಅವರ ಮುಂದೆ ಸುರಿದು ಎಲ್ಲ ತೋರಿಸುತ್ತಿದ್ದರು, ಗುಳಿಗೆ ತಂದರೆ ಒಂದೊಂದನ್ನೂ ಎಣಿಸಿ ಇಡುತ್ತಿದ್ದರು. ಇಂದುಮತಿ ಒಂದೂ ಬಿಡದೆ ನೋಡುತ್ತಿದ್ದರು. ನೋಡಿ "ಹೂಂ" ಎನ್ನುತ್ತಿದ್ದರು. ಆ "ಹೂಂ"ನಲ್ಲಿ ಏನೂ ಇರಲಿಲ್ಲ.

ನನ್ನೊಳಗೆ ಉಳಿದ ಹರಳೆಣ್ಣೆ ನಿಧಾನವಾಗಿ ಅಂಟಾಯಿತು, ಆಮೇಲೆ ಗಟ್ಟಿಯಾಯಿತು. ಒಳಗಿನ ಒಂದು ಭಾಗವೂ ಅಲ್ಲಾಡದಂತೆ ಹಿಡಿದುಕೊಂಡಿತು. ನೋವಾಯಿತೇ ಎಂದರೆ, ಇಲ್ಲ. ಏನೂ ಆಗಲಿಲ್ಲ. ಬಿಸಿಯೂ ಇಲ್ಲ, ತಂಪೂ ಇಲ್ಲ. ಪಕ್ಕದಲ್ಲಿ ಅಣ್ಣ ಮುರಿದು ಬಿದ್ದಿದ್ದ. ಅವನಿಗಾಗಿ ಅಳಬೇಕೆಂದು ತೋಚಲೂ ಇಲ್ಲ. ಆದರೆ ಅವನು ನಿಲ್ಲುವ ಮೊದಲೇ ನಾನು ನಿಂತಿದ್ದೆ. ಆ ವಿಚಾರವನ್ನು ಮಾತ್ರ ತಿರುಗಿಸಿ ತಿರುಗಿಸಿ ನೋಡುತ್ತಿದ್ದೆ.

ಹೋದ ಯುಗಾದಿಯ ಸ್ವಚ್ಛತೆಗೆಂದು ಇಂದುಮತಿ ಡಬ್ಬಿ ಇಳಿಸಿದರು. ಶಾಲೆಯಿಂದ ನಿವೃತ್ತರಾಗಿದ್ದರು, ಕೂದಲು ಪೂರ್ತಿ ಬೆಳ್ಳಗಾಗಿತ್ತು. ನನ್ನ ಫ್ಯಾನಿನ ದಂಡ ಹಿಡಿದು ತಿರುವಿದರು, ನಾನು ಜಗ್ಗಲಿಲ್ಲ. ಬಹಳ ಹೊತ್ತು ಹಾಗೇ ಹಿಡಿದು ನಿಂತರು. ಎಸೆಯುತ್ತಾರೆ ಅಂದುಕೊಂಡೆ. ಅವರು ತವೆಯನ್ನು ಸಣ್ಣ ಉರಿಯ ಮೇಲಿಟ್ಟು, ಅರಿವೆ ಮಡಚಿ ಹಾಸಿ, ಅದರ ಮೇಲೆ ನನ್ನನ್ನು ಕೂರಿಸಿದರು.

ಏಳು ವರ್ಷದ ಮೇಲೆ ಬಿಸಿ ಬಂತು. ಹರಳೆಣ್ಣೆ ಒಳಗೆ ಕರಗತೊಡಗಿತು, ಅಡುಗೆಮನೆ ತುಂಬ ಹಳೆಯ ವಾಸನೆ. ಆ ವಾಸನೆಗೆ ಪತ್ತಾರರು ಶೆಡ್ಡಿನಿಂದ ಎದ್ದು ಬಂದು ಬಾಗಿಲಲ್ಲಿ ನಿಂತರು. ಒಳಗೆ ಕಾಲಿಡಲಿಲ್ಲ.

"ಇದು ತಿರಗತೈತೇನು ನೋಡ್ರಿ," ಎಂದು ಇಂದುಮತಿ ನನ್ನನ್ನು ಅರಿವೆಯ ಸಮೇತ ಅವರ ಕೈಗಿಟ್ಟರು.

ಮಧ್ಯಾಹ್ನ ನನ್ನನ್ನು ಬೆಂಚಿಗೆ ಬಿಗಿದು ಹೊಸ ಫ್ಯಾನು ಹಾಕಿದರು. ಇಂದುಮತಿ ಮೊದಲಿನ ಹಾಗೆ ಶೆಡ್ಡಿನ ಬಾಗಿಲಿಗೆ ಕುರ್ಚಿ ಹಾಕಿಕೊಂಡರು. ಪತ್ತಾರರು ಸಿರಿಂಜಿನಲ್ಲಿ ಎಣ್ಣೆ ಎಳೆದುಕೊಂಡರು, ಮೂವತ್ತರ ಗೆರೆ. ಒಂದು ಹನಿ ಚೆಲ್ಲಿತು, ಮತ್ತೆ ಒಂದು ಹನಿ ಎಳೆದು ಸರಿ ಮಾಡಿದರು. ಆಮೇಲೆ ಸಿರಿಂಜನ್ನು ಬೆಳಕಿಗೆ ಎತ್ತಿ ಹೆಂಡತಿಯ ಮುಂದೆ ಹಿಡಿದರು.

"ನೋಡು ಇಂದೂ."

ಇಂದುಮತಿ ಸಿರಿಂಜನ್ನು ನೋಡಲಿಲ್ಲ. ಗಂಡನ ಮುಖ ನೋಡಿದರು. ಆಮೇಲೆ ಕುರ್ಚಿಯನ್ನು ಕರ್ರೆಂದು ತಿರುಗಿಸಿ, ನಮಗೆ ಬೆನ್ನು ಮಾಡಿ, ಅಂಗಳದ ಪೇರಲ ಗಿಡದ ಕಡೆ ಮುಖ ಹಾಕಿ ಕೂತರು.

"ನೀವು ತುಂಬ್ರಿ," ಎಂದರು. "ನಾ ನೋಡಂಗಿಲ್ಲ."

ಪತ್ತಾರರು ಸಿರಿಂಜು ಹಿಡಿದುಕೊಂಡೇ ನಿಂತರು. ಅತ್ತರು. ಸದ್ದಾಗದ ಹಾಗೆ ಅತ್ತರು, ತೋಳಿನಿಂದ ಮುಖ ಒರೆಸಿಕೊಂಡು, ಮೂವತ್ತನ್ನೂ ನನಗೆ ತುಂಬಿದರು.

ಏಳು ಏಟು ಬೇಕಾದವು, ವಯಸ್ಸಾಗಿದೆ. ಆದರೆ ಎದ್ದೆ. ಖುಷಿ ಎನ್ನುವುದು ನನಗೆ ಗೊತ್ತಿಲ್ಲ, ಮೈ ಬಿಸಿಯಾದದ್ದು ಗೊತ್ತು. ತಲೆಕೆಟ್ಟವನಂತೆ ಸದ್ದು ಮಾಡಿದೆ, ಪಕ್ಕದ ಮನೆಯವರು ಕಿಟಕಿ ಮುಚ್ಚಿಕೊಂಡರು. ಕೊನೆಯ ಹನಿಯವರೆಗೆ ಓಡಿ, ತೀರಿದ ಮೇಲೆಯೇ ನಿಂತೆ. ಇಂದುಮತಿ ಹಿಂತಿರುಗಿ ನೋಡದೆ ಕೂತಲ್ಲಿಂದಲೇ ಹೇಳಿದರು:

"ಪೂರ್ತಿ ಹಾಕಿದ್ರಿ."